ಕಲಬುರಗಿ ತನಕ ಬರುವ ನೈಟ್ರೋಜನ್

ಸ್ಕೂಬಾ ಡೈವಿಂಗಿನ ಮೊದಲ ಕೋರ್ಸ್ ಮುಗಿಸಿದವರಿಗೆ ಒಂದು ಕಾರ್ಡ್ ಕೊಡುತ್ತಾರೆ. ಅದಕ್ಕೆ ಓಪನ್ ವಾಟರ್ ಎಂದು ಹೆಸರು. ಅದಿದ್ದರೆ 18 ಮೀಟರ್ ಆಳದ ತನಕ ಇಳಿಯಬಹುದು. ಮುಂದಿನದು ಅಡ್ವಾನ್ಸ್ಡ್ ಓಪನ್ ವಾಟರ್. ಅದು ಮುಗಿದರೆ 30 ಮೀಟರ್. ನಡುವೆ ಇರುವುದು ಬರೀ 12 ಮೀಟರ್, ಅಂದರೆ ಹತ್ತಿರ ಹತ್ತಿರ 40 ಅಡಿ. ಹೊಲದ ಬಾವಿಗೆ ಹಾರಿ ಹಾರಿ ಈಜು ಕಲಿತ ನಮ್ಮ ಕಡೆಯವರಿಗೆ 40 ಅಡಿ ಏನು ಮಹಾ ಅನಿಸುತ್ತದೆ. ಆದರೂ ಅದಕ್ಕೆ ಬೇರೆ ಕೋರ್ಸು, ಬೇರೆ ಫೀಸು. ಯಾಕೆ?

ಹೆಸರು ಕೇಳಿದವರು ಇದರಲ್ಲಿ ಭಾರಿ ಈಜು, ಏನೋ ಸಾಹಸ ಇರಬೇಕು ಅಂದುಕೊಳ್ಳುತ್ತಾರೆ. ಅಂಥದ್ದೇನೂ ಇಲ್ಲ. ಡೈವಿಂಗ್ ಕಲಿಸಿ ಕಾರ್ಡ್ ಕೊಡುವ ಪ್ಯಾಡಿ ಸಂಸ್ಥೆಯ ಕ್ರಮದಲ್ಲಿ ಐದು ಡೈವ್ ಮಾಡಬೇಕು. ಅದರಲ್ಲಿ ಎರಡು ಕಡ್ಡಾಯ: ಆಳಕ್ಕೆ ಇಳಿಯುವುದು ಮತ್ತು ನೀರೊಳಗೆ ದಿಕ್ಕು ಹುಡುಕುವುದು. ಉಳಿದ ಮೂರು ನಿಮ್ಮ ಇಷ್ಟ. ರಾತ್ರಿ ಇಳಿಯಬಹುದು, ಮುಳುಗಿದ ಹಡಗು ನೋಡಬಹುದು, ತೇಲುವಿಕೆಯನ್ನು ಹತೋಟಿಗೆ ತಂದುಕೊಳ್ಳಬಹುದು, ಸುಮ್ನೆ ಮೀನು ಗುರುತಿಸುತ್ತಲೂ ಇರಬಹುದು. ಬೇರೆ ಸಂಸ್ಥೆಗಳ ನಿಯಮ ಸ್ವಲ್ಪ ಬೇರೆ. ಎಲ್ಲೇ ಕಲಿತರೂ ಪಿಯುಸಿಯಲ್ಲಿ ಉರು ಹೊಡೆದ ಬಾಯ್ಲ್, ಹೆನ್ರಿ, ಆರ್ಕಿಮಿಡೀಸ್ ಮೂವರೂ ನಿಮ್ಮ ಮೈಮೇಲೆಯೇ ಪ್ರಯೋಗ ಮಾಡುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗಂತೂ ಆ ಪ್ರಯೋಗ ಬೋಟ್ ಹತ್ತಿದ ಮೇಲೂ ಮುಗಿಯುವುದಿಲ್ಲ. ಊರು ಮುಟ್ಟಿದ ಮೇಲೂ ಒಂದಿಷ್ಟು ಬಾಕಿ ಇರುತ್ತದೆ. ಯಾಕೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ದಿಕ್ಕು ಹುಡುಕುವ ಪಾಠಕ್ಕೆ ಸಮುದ್ರವೇ ಬೇಕಂತಿಲ್ಲ. ಕಟಾವು ಮುಗಿದ ತೊಗರಿ ಹೊಲ ಸಾಕು. ಕಂಪಾಸ್ ಹಿಡಿದು, ತಲೆ ಮೇಲೆ ಟವೆಲ್ ಹೊದ್ದು, ಕಂಪಾಸ್ ಬಿಟ್ಟು ಬೇರೇನೂ ಕಾಣದ ಹಾಗೆ ನಡೆಯಬೇಕು. ಇಷ್ಟು ಹೆಜ್ಜೆ ಉತ್ತರಕ್ಕೆ, ಅಷ್ಟೇ ಹೆಜ್ಜೆ ಪೂರ್ವಕ್ಕೆ, ಮತ್ತೆ ದಕ್ಷಿಣ, ಮತ್ತೆ ಪಶ್ಚಿಮ. ಲೆಕ್ಕ ಸರಿಯಿದ್ದರೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ. ನಾನು ಹೀಗೆ ಸುತ್ತು ಹಾಕುವಾಗ ಬದುವಿನ ಮೇಲೆ ಹೊರಟಿದ್ದ ಕಾಕಾ ಒಬ್ಬರು ನಿಂತು ನೋಡಿ, "ಬೋರ್ ಪಾಯಿಂಟ್ ನೋಡ್ಲಿಕತ್ತೀರೇನ್ರಿ ಸರ್? ಆ ಮೂಲ್ಯಾಗ ನೋಡ್ರಿ, ಅಲ್ಲಿ ನೀರ್ ಅದ ಅಂತಾರ" ಅಂದರು. ಸಮುದ್ರದೊಳಗೆ ಹೋಗಲು ತಯಾರಿ ನಡೆಸಿದ್ದೇನೆ ಅಂದಾಗ ಅವರ ಮುಖ ನೋಡಬೇಕಿತ್ತು. "ನಮಗಿಲ್ಲಿ ಕುಡೀಲಾಕ ನೀರಿಲ್ಲ, ನೀವು ಮುಳಗಲಾಕ ಹೊಂಟೀರಿ!"

ಕಣ್ಣಿಗೆ ಗುರುತು ಸಿಗದಿದ್ದರೆ ಮನುಷ್ಯ ನೇರವಾಗಿ ನಡೆಯಲಾರ. ತನಗೇ ಗೊತ್ತಿಲ್ಲದೆ ಸುತ್ತು ಹಾಕತೊಡಗುತ್ತಾನೆ. ನೀರಿನೊಳಗೆ ಇದು ಇನ್ನೂ ಜಾಸ್ತಿ. ಹತ್ತು ಹದಿನೈದು ಮೀಟರ್ ಆಚೆ ಬರೀ ನೀಲಿ. ಕಿವಿಯೂ ಕೈಕೊಡುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ನೀರಿನಲ್ಲಿ ಸುಮಾರು 1500 ಮೀಟರ್. ಶಬ್ದ ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಮುಟ್ಟುತ್ತದಲ್ಲ, ಆ ಚೂರು ಅಂತರದಿಂದಲೇ ಮಿದುಳು ದಿಕ್ಕು ಹಿಡಿಯುವುದು. ನೀರಿನಲ್ಲಿ ಆ ಅಂತರ ಮಿದುಳಿನ ಲೆಕ್ಕಕ್ಕೇ ಸಿಗದಷ್ಟು ಸಣ್ಣದಾಗುತ್ತದೆ. ಬೋಟಿನ ಇಂಜಿನ್ ಸದ್ದು ಕೇಳುತ್ತದೆ, ಬೋಟ್ ಎಲ್ಲಿದೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಹಾಗಾಗಿ ಕಂಪಾಸ್, ಕಾಲು ಬಡಿತದ ಎಣಿಕೆ, ಮತ್ತೆ ತಳದ ಮರಳು. ದಡದ ಹತ್ತಿರ ಮರಳಿನ ಮೇಲೆ ಅಲೆಗಳು ಮೂಡಿಸುವ ಗೆರೆಗಳು ಸಾಮಾನ್ಯವಾಗಿ ದಡದ ಉದ್ದಕ್ಕೇ ಇರುತ್ತವೆ. ಅವನ್ನು ಅಡ್ಡ ಹಾಯ್ದು ಹೋದರೆ ದಡ, ಇಲ್ಲವೇ ಆಳ. ಭೂವಿಜ್ಞಾನಿಗಳು ಹಳೆಯ ಕಡಲ ತಳದ ಕಲ್ಲುಗಳಲ್ಲಿ ಓದುವುದೂ ಇಂಥ ಗೆರೆಗಳನ್ನೇ. ಹಳೆಯ ಕಡಲ ತಳ ನೋಡಲು ನಾವು ದೂರ ಹೋಗಬೇಕಿಲ್ಲ. ಮನೆಮನೆಗೂ ಹಾಸಿರುವ ಶಹಾಬಾದ್ ಕಲ್ಲು ಒಂದು ಕಾಲದಲ್ಲಿ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು. ವಯಸ್ಸು 50 ಕೋಟಿ ವರ್ಷಕ್ಕೂ ಹೆಚ್ಚು. ಆಗ ಮೀನೂ ಇರಲಿಲ್ಲ, ಹವಳವೂ ಇರಲಿಲ್ಲ. ಡೈವರ್‌ಗಳಿಗೆ ಬೇಜಾರಾಗುವಂಥ ಸಮುದ್ರ!

ಈಗ ಆಳದ ಮಾತು. ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಹೋದವರಿಗೆ ಒಂದು ಅನುಭವ ಆಗಿರುತ್ತದೆ. ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆಯಬೇಕು. ಹೋಗ್ತಾ ಹೋಗ್ತಾ ಎದೆ ಬಿಗಿದ ಹಾಗಾಗುತ್ತದೆ. ಕತ್ತಲೆ, ಜನ, ಬಾವಲಿ ಎಲ್ಲವೂ ಅದಕ್ಕೆ ಕಾರಣವಿರಬಹುದು. ಆದರೆ ನೀರೂ ನಿಜವಾಗಿಯೇ ಎದೆಯನ್ನು ಅದುಮುತ್ತಿರುತ್ತದೆ. ನೀವು ಎಳೆದುಕೊಳ್ಳುವ ಗಾಳಿ ಮೇಲಿನ ಒತ್ತಡದಲ್ಲಿದೆ, ಎದೆಗೂಡಿನ ಮೇಲೆ ಅದಕ್ಕಿಂತ ಹೆಚ್ಚಿನ ಒತ್ತಡವಿದೆ. ಆ ವ್ಯತ್ಯಾಸವನ್ನು ಉಸಿರಾಟದ ಸ್ನಾಯುಗಳೇ ತಳ್ಳಬೇಕು. ಒಂದೆರಡು ಮೀಟರ್ ಆಳದಲ್ಲಿ ಮಲಗಿ ಉದ್ದನೆಯ ಪೈಪಿನಿಂದ ಉಸಿರೆಳೆಯಲು ಆಗದಿರುವುದೂ ಇದೇ ಕಾರಣಕ್ಕೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾ ಸೇರಿ ಮಾಡಿದ ರೆಗ್ಯುಲೇಟರ್ ಈ ತೊಡಕನ್ನು ಬಿಡಿಸಿತು. ಸುತ್ತಲ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು ಅದು ಬಾಯಿಗೆ ಕೊಡುತ್ತದೆ. ಉಸಿರಾಟ ಸಲೀಸು.

ಆದರೆ ಈ ಸಲೀಸಿಗೆ ಬೆಲೆ ಇದೆ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. ಮೇಲೆ ಒಂದು, 10 ಮೀಟರಿನಲ್ಲಿ ಎರಡು, 30ರಲ್ಲಿ ನಾಲ್ಕು. 30 ಮೀಟರಿನಲ್ಲಿ ಎಳೆದುಕೊಳ್ಳುವ ಒಂದೊಂದು ಉಸಿರಿನಲ್ಲೂ ಮೇಲಿನ ನಾಲ್ಕು ಉಸಿರಿನ ಗಾಳಿ ಇರುತ್ತದೆ. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರ್. 200 ಬಾರ್, ಅಂದರೆ ವಾತಾವರಣದ ಸುಮಾರು 200 ಪಟ್ಟು ಒತ್ತಡಕ್ಕೆ ತುಂಬಿಸಿದರೆ 2200 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಅದನ್ನು ದಡದಲ್ಲಿ ಕೂತು ಮುಗಿಸಲು 110 ನಿಮಿಷ ಬೇಕು. 30 ಮೀಟರಿನಲ್ಲಿ ನಿಮಿಷಕ್ಕೆ 80 ಲೀಟರ್ ಖರ್ಚು. ಮೇಲೆ ಬರಲು 50 ಬಾರ್ ಉಳಿಸಿಕೊಳ್ಳಲೇಬೇಕು. ಉಳಿದದ್ದು ಎಷ್ಟು ಹೊತ್ತಿಗೆ ಸಾಕು? 20 ನಿಮಿಷ ಅಷ್ಟೆ. ಗಾಬರಿಯಾಗಿ ಜೋರಾಗಿ ಉಸಿರಾಡಿದರೆ ಅದೂ ಇಲ್ಲ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಗೇಜನ್ನು ಮೊದಲ ಕೋರ್ಸಿನಲ್ಲಿ ಆಗಾಗ ನೋಡಿದರೆ ಸಾಕು, ಅದನ್ನೇ ಈ ಕೋರ್ಸಿನಲ್ಲಿ ಪದೇ ಪದೇ ನೋಡಿಸುವುದು ಇದಕ್ಕೇ.

ಇನ್ನೊಂದು ಬೆಲೆ ತಲೆಗೆ ಸಂಬಂಧಿಸಿದ್ದು. ಗಾಳಿಯ ನಾಲ್ಕನೇ ಮೂರು ಪಾಲಿಗಿಂತ ಹೆಚ್ಚು ನೈಟ್ರೋಜನ್. ಮೇಲೆ ಅದು ನಮಗೆ ಏನೂ ಮಾಡುವುದಿಲ್ಲ. ಒತ್ತಡ ನಾಲ್ಕು ಪಟ್ಟಾದಾಗ ಅದು ಮಿದುಳನ್ನು ಮಂದ ಮಾಡತೊಡಗುತ್ತದೆ. ನೈಟ್ರೋಜನ್ ನೀರಿಗಿಂತ ಕೊಬ್ಬಿನಲ್ಲಿ ಜಾಸ್ತಿ ಕರಗುತ್ತದೆ. ನರಕೋಶಗಳ ಹೊರಪದರ ಮುಖ್ಯವಾಗಿ ಕೊಬ್ಬಿನಂಥ ವಸ್ತುವಿನದೇ. ಆಪರೇಷನ್ ಮಾಡುವಾಗ ಕೊಡುವ ಅರಿವಳಿಕೆ ಅನಿಲಗಳ ಸ್ವಭಾವವೂ ಹೀಗೇ. ಸುಮಾರು 30 ಮೀಟರ್ ಹೊತ್ತಿಗೆ ಬಹಳ ಜನರಿಗೆ ಇದರ ಸುಳಿವು ಸಿಗುತ್ತದೆ. ಒಬ್ಬರಿಗೆ ಖುಷಿ, ಇನ್ನೊಬ್ಬರಿಗೆ ಸುಮ್ಮನೆ ಭಯ, ಮತ್ತೊಬ್ಬರಿಗೆ ಮಂಕು. ಖಾಲಿ ಹೊಟ್ಟೆಯಲ್ಲಿ ಸೇಂದಿ ಕುಡಿದವರಂತೆ ತನಗೆ ಏರಿದೆ ಅನ್ನುವುದು ತನಗೇ ಗೊತ್ತಾಗುವುದಿಲ್ಲ. ಕಷ್ಟ ಇರುವುದೇ ಅಲ್ಲಿ. ಒಳ್ಳೆಯದೆಂದರೆ ನಾಲ್ಕಾರು ಮೀಟರ್ ಮೇಲೆ ಬಂದರೆ ಕೂಡಲೇ ಇಳಿಯುತ್ತದೆ, ಮರುದಿನದ ತಲೆನೋವೂ ಇಲ್ಲ.

ಅಂಡಮಾನಿನ ಹ್ಯಾವ್‌ಲಾಕಿನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಅಡ್ವಾನ್ಸ್ಡ್ ಕೋರ್ಸ್ ಮಾಡುವಾಗ ನನ್ನ ಜೊತೆ ಇದ್ದವರು ಸೇಡಂ ಕಡೆಯ ಒಬ್ಬ ಗಣಿತದ ಮಾಸ್ತರ್. ಬೋಟಿನ ಮೇಲೆ ಇನ್‌ಸ್ಟ್ರಕ್ಟರ್ ಸ್ಲೇಟಿನಲ್ಲಿ ಗುಣಾಕಾರ ಬರೆದು ಕೊಟ್ಟರೆ ಇವರು ಪೆನ್ಸಿಲ್ ಎತ್ತುವ ಮೊದಲೇ ಉತ್ತರ ಹೇಳುತ್ತಿದ್ದರು. ತಳದಲ್ಲಿ ಅಂಥದ್ದೇ ಲೆಕ್ಕ ಕೊಟ್ಟರು. ಮಾಸ್ತರ್ ಸ್ಲೇಟನ್ನು ಮುಖದ ಹತ್ತಿರ ತಂದರು. ದೂರ ಹಿಡಿದರು. ನಿಧಾನಕ್ಕೆ ಉತ್ತರ ಬರೆದರು. ಉತ್ತರ ಸರಿಯಿತ್ತು. ಆಮೇಲೆ ಅದರ ಕೆಳಗೆ ಒಂದು ಗೆರೆ ಎಳೆದರು. ಇನ್ನೊಂದು ಎಳೆದರು. ಮತ್ತೊಂದು. ಇನ್‌ಸ್ಟ್ರಕ್ಟರ್ ಮೆಲ್ಲಗೆ ಪೆನ್ಸಿಲ್ ಕಿತ್ತುಕೊಳ್ಳುವ ತನಕ ಗೆರೆ ಎಳೆಯುವುದು ನಡೆದೇ ಇತ್ತು. ಮೇಲೆ ಬಂದು ಕೇಳಿದರೆ, "ಏನ್ ಆಗಿಲ್ರಿ ನನಗ, ಮಸ್ತ್ ಇದ್ದೆ" ಅಂದರು.

ಅದೇ ಡೈವಿನಲ್ಲಿ ಅವರ ಕೈಯಲ್ಲಿದ್ದ ದಾರ ಇನ್ನೊಂದು ಪಾಠ ಮಾಡಿತು. ಗಾಣಗಾಪುರದಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ಅದು. ಇಳಿಯುತ್ತಾ ಇಳಿಯುತ್ತಾ ಮೊದಲು ಕಂದು, ಆಮೇಲೆ ಕಪ್ಪಗಿನ ಹಸಿರಾಯಿತು. ಟಾರ್ಚ್ ಬಿಟ್ಟ ಕೂಡಲೇ ಮತ್ತೆ ಕೆಂಪು! ದಾರದ ಬಣ್ಣ ಎಲ್ಲೂ ಹೋಗಿರುವುದಿಲ್ಲ. ಬಿಸಿಲಿನ ಕೆಂಪು ಪಾಲನ್ನು ನೀರು ಮೊದಲ ಕೆಲವೇ ಮೀಟರುಗಳಲ್ಲಿ ಹೀರಿಬಿಡುತ್ತದೆ. ಆಮೇಲೆ ಕಿತ್ತಳೆ, ಹಳದಿ. ತಳ ಮುಟ್ಟುವುದು ನೀಲಿ ಮತ್ತು ಒಂದಿಷ್ಟು ಹಸಿರು. ಕೆಂಪು ಬೆಳಕೇ ಬೀಳದಿದ್ದರೆ ಕೆಂಪು ದಾರ ಏನನ್ನು ಹಿಂದಕ್ಕೆ ಕಳಿಸಬೇಕು? ರಾತ್ರಿ ಡೈವ್ ಮಾಡಿದವರು ಹಗಲಿಗಿಂತ ಬಣ್ಣ ಜಾಸ್ತಿ ಕಂಡೆವು ಅನ್ನುವುದು ಇದಕ್ಕೇ. ಟಾರ್ಚ್ ಹತ್ತಿರದಲ್ಲೇ ಇರುತ್ತದೆ, ಬೆಳಕು ಎಲ್ಲ ಬಣ್ಣಗಳನ್ನೂ ಹೊತ್ತುಕೊಂಡೇ ಹವಳಕ್ಕೆ ಮುಟ್ಟುತ್ತದೆ. ಐಚ್ಛಿಕ ಮೂರರಲ್ಲಿ ಒಂದನ್ನು ಆರಿಸಿ ಅಂದರೆ ನಾನು ರಾತ್ರಿಯದನ್ನೇ ಹೇಳುತ್ತೇನೆ. ಎರಡನೆಯದು ತೇಲುವಿಕೆ.

ತೇಲುವಿಕೆಯಲ್ಲಿ ಒಂದು ವಿಚಿತ್ರವಿದೆ. ಆಳ ಹೆಚ್ಚಿದಷ್ಟೂ ಕಷ್ಟ ಹೆಚ್ಚು ಅಂತ ನಾವು ತಿಳಿದಿರುತ್ತೇವೆ. ಬಾಯ್ಲ್ ನಿಯಮ ಬೇರೆಯೇ ಹೇಳುತ್ತದೆ. 30ರಿಂದ 20 ಮೀಟರಿಗೆ ಬಂದರೆ ಒತ್ತಡ ನಾಲ್ಕರಿಂದ ಮೂರಕ್ಕೆ ಇಳಿಯುತ್ತದೆ, ತೇಲಲೆಂದು ಡೈವರ್ ಹಾಕಿಕೊಳ್ಳುವ ಜಾಕೆಟ್ಟಿನೊಳಗಿನ ಗಾಳಿ ಮೂರನೇ ಒಂದು ಪಾಲು ಉಬ್ಬುತ್ತದೆ. 10ರಿಂದ ಮೇಲಕ್ಕೆ ಬಂದರೆ ಅದೇ ಗಾಳಿ ಎರಡು ಪಟ್ಟಾಗುತ್ತದೆ. ಮೈ ಬೆಚ್ಚಗಿಡಲು ಹಾಕಿದ ವೆಟ್‌ಸೂಟಿನ ರಬ್ಬರಿನೊಳಗಿನ ಗಾಳಿ ಗುಳ್ಳೆಗಳೂ ಹಾಗೇ. ಕೈ ಮೀರಿ ಮೇಲಕ್ಕೆ ಚಿಮ್ಮುವ ಅಪಾಯ ಕೊನೆಯ ಕೆಲವು ಮೀಟರುಗಳಲ್ಲೇ ಜಾಸ್ತಿ. ಮೇಲೆ ಬರುವಾಗ 5 ಮೀಟರ್ ಆಳದಲ್ಲಿ ಮೂರು ನಿಮಿಷ ಅಲುಗಾಡದೆ ನಿಲ್ಲುವುದು, ಅದೇ ಸೇಫ್ಟಿ ಸ್ಟಾಪ್, ನೋಡಲು ಸುಲಭ. ಬರದವರು ಮೇಲೆ ಕೆಳಗೆ ಜೀಕುತ್ತಲೇ ಇರುತ್ತಾರೆ.

ಮೊದಲ ಕೋರ್ಸ್ ಮುಗಿದ ಮರುದಿನವೇ ಅಡ್ವಾನ್ಸ್ಡ್ ಮಾಡಬಹುದೇ ಎಂದು ಕೇಳುವವರಿದ್ದಾರೆ. ನಿಯಮ ಬೇಡ ಅನ್ನುವುದಿಲ್ಲ. ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರುವ ಐದು ಡೈವ್ ಹೊಸಬರಿಗೆ ಒಳ್ಳೆಯದೇ. ಆದರೂ ಆ ಮೂರು ನಿಮಿಷ ಒಂದೇ ಆಳದಲ್ಲಿ ನಿಲ್ಲಲು ಬರುವ ತನಕ ಕಾಯಿರಿ ಅನ್ನುತ್ತೇನೆ ನಾನು. ಮೈ ಹತೋಟಿಯಲ್ಲಿಲ್ಲದವರ ಗಮನವೆಲ್ಲ ಅದಕ್ಕೇ ಖರ್ಚಾಗುತ್ತದೆ. ಬಣ್ಣ, ಕಂಪಾಸ್, ಮಂಕು ಯಾವುದನ್ನೂ ನೋಡಲು ಪುರಸೊತ್ತಿರುವುದಿಲ್ಲ. ಮತ್ತೆ, ಅಡ್ವಾನ್ಸ್ಡ್ ಎಂಬ ಪದ ನೋಡಿ ಮುಳುಗಿದ ಹಡಗಿನ ಒಳಗೋ ಗುಹೆಯೊಳಗೋ ನುಗ್ಗುವ ಹಾಗಿಲ್ಲ. ತಲೆಯ ಮೇಲೆ ಸೂರು ಇರುವ ಕಡೆಗೆಲ್ಲ ಬೇರೆಯೇ ತರಬೇತಿ ಬೇಕು.

ಇನ್ನು ಊರಿಗೆ ಬರುವ ನೈಟ್ರೋಜನ್. ಒತ್ತಡ ಹೆಚ್ಚಿದರೆ ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತದೆ ಎಂದು ವಿಲಿಯಂ ಹೆನ್ರಿ 1803ರಲ್ಲೇ ತೋರಿಸಿದ್ದರು. ಅದು ಮನುಷ್ಯನ ಮೈಯಲ್ಲಿ ಏನು ಮಾಡುತ್ತದೆ ಎಂದು ಲೋಕಕ್ಕೆ ಗೊತ್ತಾದದ್ದು ಸೇತುವೆ ಕಟ್ಟುವಾಗ. 1870ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಬುನಾದಿ ತೋಡಲು ನದಿಯ ತಳಕ್ಕೆ ದೊಡ್ಡ ಪೆಟ್ಟಿಗೆ ಇಳಿಸಿ, ನೀರು ಒಳಗೆ ಬರದಂತೆ ಒತ್ತಡದ ಗಾಳಿ ತುಂಬಿಸಿದ್ದರು. ಒಳಗೆ ಕೆಲಸ ಮಾಡಿದವರು ಹೊರಗೆ ಬಂದ ಮೇಲೆ ಕೀಲು ನೋವಿನಿಂದ ಬಾಗಿಹೋಗುತ್ತಿದ್ದರು. ಕೆಲವರು ಸತ್ತರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ ಇದಕ್ಕೆ ಸಿಕ್ಕಿ ಹಾಸಿಗೆ ಹಿಡಿದರು. ಒತ್ತಡ ತಟ್ಟನೆ ಇಳಿದಾಗ ಕರಗಿದ ನೈಟ್ರೋಜನ್ ಗುಳ್ಳೆಯಾಗುವುದೇ ಇದಕ್ಕೆ ಕಾರಣ ಎಂದು 1878ರಲ್ಲಿ ಫ್ರಾನ್ಸಿನ ಪಾಲ್ ಬರ್ಟ್ ಹೇಳಿದರು.

ಎಷ್ಟು ನಿಧಾನ ಬಂದರೆ ಗುಳ್ಳೆ ಆಗುವುದಿಲ್ಲ? ಇದನ್ನು ಹುಡುಕಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಪ್ರಯೋಗಕ್ಕೆ ಅವರು ಬಳಸಿದ್ದು ಆಡುಗಳನ್ನು. ಒತ್ತಡದ ಕೋಣೆಯಿಂದ ಹೊರಬಂದ ಆಡು ಮುಂಗಾಲನ್ನು ನೆಲಕ್ಕೆ ಊರದೆ ಎತ್ತಿ ಹಿಡಿದರೆ ಕೀಲಿನಲ್ಲಿ ನೋವಿದೆ ಎಂದು ಅರ್ಥ. 1908ರಲ್ಲಿ ಬಂದ ಅವರ ವರದಿಯ ತಿರುಳು ಇಷ್ಟು: ಮೈಯ ಎಲ್ಲ ಭಾಗಕ್ಕೂ ನೈಟ್ರೋಜನ್ ಒಂದೇ ವೇಗದಲ್ಲಿ ತುಂಬುವುದಿಲ್ಲ, ಒಂದೇ ವೇಗದಲ್ಲಿ ಖಾಲಿಯೂ ಆಗುವುದಿಲ್ಲ. ರಕ್ತ ಚೆನ್ನಾಗಿ ಹರಿಯುವ ಕಡೆ ನಿಮಿಷಗಳ ಲೆಕ್ಕ, ಕಡಿಮೆ ಹರಿಯುವ ಕಡೆ ಗಂಟೆಗಳ ಲೆಕ್ಕ. ಇನ್ನೊಂದು ಮಾತು, ಒತ್ತಡ ಎಷ್ಟು ಇಳಿಯಿತು ಅನ್ನುವುದಕ್ಕಿಂತ ಯಾವ ಅನುಪಾತದಲ್ಲಿ ಇಳಿಯಿತು ಅನ್ನುವುದು ಮುಖ್ಯ.

ಡೈವರ್‌ಗಳ ಕೈಗೆ ಕಟ್ಟುವ ಕಂಪ್ಯೂಟರ್ ಇವತ್ತಿಗೂ ಈ ಲೆಕ್ಕದ ಮೊಮ್ಮಗನನ್ನೇ ಓಡಿಸುತ್ತಿರುತ್ತದೆ. ಹೆಚ್ಚು ಬಳಕೆಯಲ್ಲಿರುವ ಸೂತ್ರ ಸ್ವಿಟ್ಜರ್ಲೆಂಡಿನ ವೈದ್ಯ ಆಲ್ಬರ್ಟ್ ಬ್ಯೂಲ್ಮನ್ ಅವರದು. ಅವರ ದೇಶದಲ್ಲಿ ಸಮುದ್ರವಿಲ್ಲ. ಇರುವುದು ಬೆಟ್ಟದ ಸರೋವರಗಳು. ಹಾಗಾಗಿ ಎತ್ತರದ ಜಾಗದಲ್ಲಿ ಮುಳುಗಿದರೆ ಏನಾಗುತ್ತದೆ ಎಂಬುದೇ ಅವರಿಗೆ ದೊಡ್ಡ ಪ್ರಶ್ನೆಯಾಗಿತ್ತು. ಅವರ ಸೂತ್ರ ಮೈಯನ್ನು 16 ವಿಭಾಗಗಳಾಗಿ ಎಣಿಸುತ್ತದೆ. ಅತಿ ವೇಗದ್ದು 4 ನಿಮಿಷದಲ್ಲಿ ಅರ್ಧ ಖಾಲಿಯಾದರೆ, ಅತಿ ನಿಧಾನದ್ದಕ್ಕೆ 635 ನಿಮಿಷ ಬೇಕು. ಅಂದರೆ ಹತ್ತೂವರೆ ಗಂಟೆ. ಕರಾವಳಿಯಿಂದ ಕಲಬುರಗಿಗೆ ಬಸ್ಸಿನಲ್ಲಿ ಬರಲು ಹಿಡಿಯುವುದೂ ಹೆಚ್ಚೂಕಡಿಮೆ ಅಷ್ಟೇ ಹೊತ್ತು.

ಬಹಳ ಜನ ಮಾಡುವುದು ಹೀಗೆ. ಶನಿವಾರ ಭಾನುವಾರ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬೋಟಿನಲ್ಲಿ ಹೋಗಿ ಡೈವ್ ಮಾಡುತ್ತಾರೆ. ಭಾನುವಾರ ಸಂಜೆಯೇ ಗಾಡಿ ಹತ್ತಿ ಘಟ್ಟ ಏರುತ್ತಾರೆ. ಸೋಮವಾರ ಡ್ಯೂಟಿ ಇದೆಯಲ್ಲ! ಕರಾವಳಿಯಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ಟನ್ನು ಒಡೆಯದೆ ಇಟ್ಟು ನೋಡಿ. ಘಟ್ಟ ಹತ್ತಿದ ಹಾಗೆ ಬಿಗಿಯಾಗುತ್ತಾ ಹೋಗುತ್ತದೆ. ಹುಬ್ಬಳ್ಳಿ ಸುಮಾರು 670 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು ನೂರಕ್ಕೆ 8ರಷ್ಟು ಕಡಿಮೆ. ಒತ್ತಡ ಇಳಿದರೆ ಮೈಯಲ್ಲಿ ಇನ್ನೂ ಉಳಿದಿರುವ ನೈಟ್ರೋಜನ್ ಗುಳ್ಳೆಯಾಗಬಹುದು. ಕಲಬುರಗಿ ಸುಮಾರು 450 ಮೀಟರ್, ಯಾದಗಿರಿ ಅದಕ್ಕಿಂತ ತಗ್ಗು, ಬೀದರ್ 600ಕ್ಕೂ ಮೇಲೆ. ಡೈವರ್‌ಗಳ ಸುರಕ್ಷತೆಗಾಗಿ ಇರುವ ಡಿಎಎನ್ ಸಂಸ್ಥೆಯ ಸಲಹೆ ಪ್ರಕಾರ, ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ವಿಮಾನಕ್ಕೆ ಮಾತ್ರ ಅಂತ ನಾವು ಓದಿಕೊಳ್ಳುತ್ತೇವೆ. ಆದರೆ ಆ ಸಲಹೆ ಲೆಕ್ಕಕ್ಕೆ ಹಿಡಿಯುವ ಎತ್ತರ ಸುಮಾರು 600 ಮೀಟರಿನಿಂದಲೇ ಶುರು. ಹುಬ್ಬಳ್ಳಿ ದಾರಿ ಅದರೊಳಗೇ ಬಂತು. ಬೀದರ್ ಕೂಡ. ಅಂಡಮಾನಿನಿಂದ ಹೈದರಾಬಾದಿಗೆ ಹಾರಿ ಅಲ್ಲಿಂದ ರೈಲು ಹಿಡಿಯುವವರಿಗೆ ಇನ್ನೂ ಬಿಗಿ. ವಿಮಾನದೊಳಗಿನ ಒತ್ತಡ ಸುಮಾರು 2400 ಮೀಟರ್ ಎತ್ತರದಲ್ಲಿರುವಷ್ಟಕ್ಕೆ ಇಳಿಯಬಹುದು.

ನಮ್ಮ ಕಡೆಯ ನೀರಿನಲ್ಲೇ ಯಾರಾದರೂ ಇಳಿದರೆ? 300 ಮೀಟರಿಗಿಂತ ಎತ್ತರದಲ್ಲಿದ್ದರೆ ಅದನ್ನು ಎತ್ತರದ ಡೈವ್ ಎಂದೇ ಎಣಿಸುತ್ತಾರೆ. ನಮ್ಮ ಮೂರೂ ಜಿಲ್ಲಾ ಕೇಂದ್ರಗಳು ಅದಕ್ಕಿಂತ ಮೇಲಿವೆ. ಹಾಲ್ಡೇನರ ಅನುಪಾತ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೇಲಿನ ಗಾಳಿಯೇ ತೆಳುವಾದಾಗ ಅದೇ 10 ಮೀಟರಿನಿಂದ ಮೇಲೆ ಬಂದರೂ ಒತ್ತಡ ಎರಡು ಪಟ್ಟಿಗಿಂತ ಜಾಸ್ತಿ ಇಳಿಯುತ್ತದೆ. ನೀರು ಬೇರೆ ಸಿಹಿ. ಸಲಕರಣೆ ಸಮೇತ 100 ಕೆಜಿ ಇರುವವರು ಸಮುದ್ರದಲ್ಲಿ ಮುಳುಗಲೆಂದು ಕಟ್ಟಿಕೊಂಡ ಸೀಸದ ತೂಕದಲ್ಲಿ ಸುಮಾರು ಎರಡೂವರೆ ಕೆಜಿ ತೆಗೆದಿಡಬೇಕು.

ಗುಳ್ಳೆಯ ತೊಂದರೆ ಮೇಲೆ ಬಂದ ಕೂಡಲೇ ಕಾಣಬೇಕೆಂದಿಲ್ಲ. ಬಹಳ ಸಲ ಕೆಲವು ಗಂಟೆಗಳಲ್ಲಿ, ಕೆಲವೊಮ್ಮೆ ಒಂದು ದಿನ ಕಳೆದು ಕಾಣುತ್ತದೆ. ಅಷ್ಟರಲ್ಲಿ ನೀವು ಊರಲ್ಲಿರುತ್ತೀರಿ. ಭುಜ, ಮೊಣಕೈ, ಮೊಣಕಾಲಿನ ನೋವು, ಚರ್ಮದ ಮೇಲೆ ಕಲೆ, ಜೋಮು, ತಲೆಸುತ್ತು, ವಿಪರೀತ ಸುಸ್ತು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವರಿಗೆ ಇವೆಲ್ಲ ಪ್ರಯಾಣದ ನೋವೇ ಅನಿಸುವುದು ಸಹಜ. ಮುಲಾಮು ಹಚ್ಚಿ ಮಲಗಿಬಿಡುತ್ತಾರೆ. ಹಾಗೆ ಮಾಡದೆ ವೈದ್ಯರ ಹತ್ತಿರ ಹೋಗಿ ಮೊದಲ ಮಾತೇ "ನಿನ್ನೆ ಸಮುದ್ರದಲ್ಲಿ ಡೈವ್ ಮಾಡಿದ್ದೆ" ಎಂದಿರಬೇಕು. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಯಾವ ವೈದ್ಯರೂ ತಾವಾಗಿ ಅದನ್ನು ಕೇಳುವುದಿಲ್ಲ. ಮೊದಲ ಉಪಚಾರ ಮಾಸ್ಕಿನಲ್ಲಿ ಶುದ್ಧ ಆಕ್ಸಿಜನ್, ಅದು ಯಾವ ದೊಡ್ಡ ಆಸ್ಪತ್ರೆಯಲ್ಲೂ ಸಿಗುತ್ತದೆ. ಆಮೇಲೆ ಬೇಕಾದರೆ ಒತ್ತಡದ ಕೋಣೆ ಇರುವ ಕಡೆಗೆ ಕಳಿಸುತ್ತಾರೆ. ಡೈವ್ ಕಂಪ್ಯೂಟರನ್ನು ಜೊತೆಗೇ ಒಯ್ಯಿರಿ. ಎಷ್ಟು ಆಳ, ಎಷ್ಟು ಹೊತ್ತು, ಯಾವಾಗ ಮೇಲೆ ಬಂದದ್ದು, ಎಲ್ಲ ಅದರಲ್ಲಿರುತ್ತದೆ.